ಎಲ್ಲಿಂದ ಮಾತಾಡ್ತಿದ್ದೀರಿ?

ಪೊಲೀಸ್ ಬೇಕಾದರೆ 100, ಬೆಂಕಿ ಬಿದ್ದರೆ 101, ಆಂಬುಲೆನ್ಸ್‌ಗೆ 108, ಈಗ ಎಲ್ಲಕ್ಕೂ ಸೇರಿ 112. ಯಾವ ನಂಬರ್ ಒತ್ತಿದರೂ ಆ ಕಡೆಯಿಂದ ತಪ್ಪದೆ ಬರೋ ಪ್ರಶ್ನೆ ಒಂದೇ: "ಎಲ್ಲಿಂದ ಮಾತಾಡ್ತಿದ್ದೀರಿ?" ಏನಾಯ್ತು ಅಂತ ಸರಿಯಾಗಿ ಗೊತ್ತಾಗದಿದ್ದರೂ ಗಾಡಿ ಕಳಿಸಬಹುದು. ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಯಾರೂ ಏನೂ ಮಾಡೋಕಾಗಲ್ಲ. ತುರ್ತು ಕರೆಯ ಸುಮಾರು ತೊಂಬತ್ತು ವರ್ಷದ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಚರಿತ್ರೆ ಅಂತಲೇ ಓದಬಹುದು.

ನಾನು ಆಫೀಸುಗಳಿಗೆ ಇಂಟರ್ನೆಟ್ ಫೋನ್ ವ್ಯವಸ್ಥೆ ಹಾಕಿಕೊಡೋ ಕೆಲಸದವನು. ಇರೋದು ಮೈಸೂರಿನ ಸಿದ್ಧಾರ್ಥನಗರದಲ್ಲಿ. ತೆರೇಷಿಯನ್ ಕಾಲೇಜು, ಹೊಸ ಡಿ.ಸಿ. ಆಫೀಸು, ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಇರೋದು ರಿಟೈರ್ ಆದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾರೆ. ಇನ್ನರ್ಧ ಮನೆಗಳ ಮೇಲಿನ ಮಹಡಿಯಲ್ಲಿ ವರ್ಕ್ ಫ್ರಂ ಹೋಮ್ ಮಾಡೋರು, ಮೈಸೂರಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ 080 ನಂಬರಿನಿಂದ ಮಾತಾಡೋರು. ತಾಮ್ರದ ತಂತಿ ಹೋಗಿ ಫೈಬರ್ ಬಂದಿದೆ. ಇಂಥ ಬೀದಿಯಲ್ಲಿ ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಎದೆನೋವು ಬಂತು ಅಂದ್ಕೊಳ್ಳಿ. ಕೈಗೆ ಸಿಕ್ಕ ಫೋನಿನಿಂದ ಕರೆ ಹೋಗುತ್ತಾ? ಹೋದರೆ ಎಲ್ಲಿಗೆ ಹೋಗುತ್ತೆ? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲ್ಯಾಂಡ್‌ಲೈನ್ ಕಾಲದಲ್ಲಿ ಉತ್ತರ ತಂತಿಯಲ್ಲೇ ಇತ್ತು. ಎಕ್ಸ್‌ಚೇಂಜಿನಿಂದ ಹೊರಟ ಒಂದು ಜೊತೆ ತಾಮ್ರದ ತಂತಿ ನಿಮ್ಮ ಹಜಾರದ ಗೋಡೆಗೆ ಬಂದು ನಿಲ್ಲುತ್ತಿತ್ತು. ನಂಬರ್ ಅಂದರೆ ಆ ತಂತಿ, ತಂತಿ ಅಂದರೆ ಆ ಮನೆ. 0821 ಅಂದರೆ ಮೈಸೂರು, ಅದರಲ್ಲಿ ಎರಡು ಮಾತಿಲ್ಲ. ಮಾತಾಡೋಕೆ ಬೇಕಾದ ವಿದ್ಯುತ್ತು ಕೂಡ, ಸುಮಾರು 48 ವೋಲ್ಟ್, ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರ್ತಿತ್ತು. ಅದಕ್ಕೇ ಇಡೀ ಬಡಾವಣೆ ಕತ್ತಲಾದರೂ ಫೋನಿಗೆ ಜೀವ ಇರ್ತಿತ್ತು.

ಆಗ ಇದ್ದ ತೊಂದರೆ ಬೇರೆ. 1935ರ ನವೆಂಬರ್ 10ರಂದು ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯವರೊಬ್ಬರು ಫೋನ್ ಎತ್ತಿದ್ದರು. ಆದರೆ ಅವರ ಕರೆ ಮಾಮೂಲಿ ಕರೆಗಳ ಸಾಲಿನಲ್ಲಿ ಕಾಯ್ತಾ ಕೂತಿತ್ತು. ಅವರು ಸಿಟ್ಟಿನಿಂದ ಟೈಮ್ಸ್ ಪತ್ರಿಕೆಗೆ ಕಾಗದ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು 999 ಶುರುವಾಯ್ತು. ಆ ಮೂರು ಅಂಕಿ ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹತ್ತಿ ಬಜರ್ ಕೂಗುತ್ತಿತ್ತು. ತುರ್ತು ಕರೆಯನ್ನು ಕ್ಯೂನಿಂದ ಎತ್ತಿ ಮುಂದಕ್ಕೆ ತರೋದು, ಅಷ್ಟೇ ಮೊದಲ ಸುಧಾರಣೆ.

ಅಮೆರಿಕದ 911 ಬಂದಿದ್ದು 1968ರಲ್ಲಿ. ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಅನ್ನೋ ಸಣ್ಣ ಊರಲ್ಲಿ, ಮೇಯರ್ ಕಚೇರಿಯಿಂದ ರಾಜ್ಯದ ಸ್ಪೀಕರ್ ಫೋನ್ ಮಾಡಿದರು. ಪೊಲೀಸ್ ಠಾಣೆಯಲ್ಲಿ ಕೂತಿದ್ದ ಸಂಸದರು ಎತ್ತಿಕೊಂಡರು. ಎಲ್ಲೂ ಬೆಂಕಿ ಬಿದ್ದಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಆ ದೇಶದ ಮೊಟ್ಟಮೊದಲ 911 ಕರೆ ಪರೀಕ್ಷೆಯ ಕರೆ. ಈ ಸಂಗತಿಯನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ನಮ್ಮಲ್ಲೂ 'ಒಂದರಿಂದ' ಶುರುವಾಗೋ ನಂಬರ್‌ಗಳೆಲ್ಲ ವಿಶೇಷ ಸೇವೆಗೆ ಮೀಸಲಾದವು. 197 ಡೈರೆಕ್ಟರಿ ವಿಚಾರಣೆ, 198 ಕಂಪ್ಲೇಂಟು, 100 ಪೊಲೀಸು. ಬೆಂಗಳೂರಿನ ಐಟಿಐ 1948ರಿಂದ ಫೋನುಗಳನ್ನೂ ಎಕ್ಸ್‌ಚೇಂಜ್ ಯಂತ್ರಗಳನ್ನೂ ತಯಾರಿಸ್ತಾ ಬಂತು. ಎ.ಸಿ. ಕೋಣೆ ಬೇಡದ, ಹಳ್ಳಿಗೆ ಹೊಂದೋ ಸಿ-ಡಾಟ್‌ನ 128 ಲೈನಿನ ಎಕ್ಸ್‌ಚೇಂಜನ್ನ ಮೊದಲು ಇಟ್ಟು ನೋಡಿದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ. ಯಂತ್ರ ಬದಲಾದರೂ ತಂತಿ ಮನೆಗೇ ಹೋಗ್ತಿತ್ತು.

ಮೊಬೈಲ್ ಬಂದಾಗ ತಂತಿ ಹೋಯ್ತು, ಆದರೆ ಜಾಗ ಪೂರ್ತಿ ಹೋಗಲಿಲ್ಲ. ಮನೆ ಗೊತ್ತಾಗದಿದ್ದರೂ ಕರೆ ಯಾವ ಟವರಿನಿಂದ ಬಂತು ಅಂತ ಕಂಪನಿಗೆ ಗೊತ್ತಿರುತ್ತೆ. ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದ ದಿನ 'ಆರೋಗ್ಯ ಕವಚ' ಹೆಸರಲ್ಲಿ 108 ಶುರುವಾದಾಗ ಜನರ ಕೈಯಲ್ಲಿ ಆಗಲೇ ಮೊಬೈಲ್ ಇತ್ತು. 2012ರ ದೆಹಲಿಯ ಘಟನೆ ಆದ ಮೇಲೆ ಒಂದೇ ನಂಬರ್ ಬೇಕು ಅನ್ನೋ ಮಾತು ಗಟ್ಟಿಯಾಯ್ತು. ಟ್ರಾಯ್ 2015ರಲ್ಲಿ 112ನ್ನು ಶಿಫಾರಸು ಮಾಡಿತು, ನಿರ್ಭಯಾ ನಿಧಿಯಿಂದ ಹಣ ಬಂತು. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾಗಿ ಆಮೇಲೆ ನಮ್ಮಲ್ಲಿಗೂ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ನಡೀತಿತ್ತು. ಭಾರತದಲ್ಲಿ ಇಂಟರ್ನೆಟ್ ಫೋನಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಹೆಡ್‌ಫೋನ್ ಹಾಕ್ಕೊಂಡು ಸೈಬರ್ ಕೆಫೆಯಿಂದ ಅಮೆರಿಕಕ್ಕೆ ಮಾತಾಡಿದವರಿಗೆ ನೆನಪಿರಬಹುದು. ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾಡಬಹುದಿತ್ತು, ಪಕ್ಕದ ಬೀದಿಯ ಲ್ಯಾಂಡ್‌ಲೈನಿಗೆ ಮಾಡೋ ಹಾಗಿರಲಿಲ್ಲ. ಹಾಗಾಗಿ 100ಕ್ಕೆ ಮಾಡೋ ಪ್ರಶ್ನೆಯೇ ಏಳಲಿಲ್ಲ. 2003ರಲ್ಲಿ ಬಂದ ಸ್ಕೈಪ್ ಕೂಡ 'ನಾನು ಮಾಮೂಲಿ ಫೋನಿಗೆ ಬದಲಿ ಅಲ್ಲ, ತುರ್ತು ಕರೆಗೆ ನನ್ನನ್ನು ನಂಬಬೇಡಿ' ಅಂತ ಹೇಳ್ತಾನೇ ಬಂತು. ವಾಟ್ಸಾಪ್‌ನ ಷರತ್ತುಗಳಲ್ಲೂ ಇದೇ ಮಾತಿದೆ. ನಾವ್ಯಾರೂ ಓದದೆ ಒಪ್ಪಿಕೊಂಡಿದ್ದೀವಿ, ಅಷ್ಟೇ.

ಅಮೆರಿಕದಲ್ಲಿ ಇಂಟರ್ನೆಟ್ ಫೋನು ಲ್ಯಾಂಡ್‌ಲೈನಿನ ವೇಷದಲ್ಲೇ ಮನೆಗೆ ಬಂತು. ಅದೇ ಹ್ಯಾಂಡ್‌ಸೆಟ್ಟು, ಅದೇ ಡಯಲ್ ಟೋನು, ಬಿಲ್ ಮಾತ್ರ ಕಮ್ಮಿ. ಒಳಗೆ ಏನು ಬದಲಾಗಿದೆ ಅಂತ ಗೊತ್ತಾಗಿದ್ದು 2005ರಲ್ಲಿ. ಹ್ಯೂಸ್ಟನ್ನಿನ ಒಂದು ಮನೆಗೆ ದರೋಡೆಕೋರರು ನುಗ್ಗಿ ಅಪ್ಪ ಅಮ್ಮನಿಗೆ ಗುಂಡು ಹಾರಿಸಿದರು. ಹದಿನೇಳು ವರ್ಷದ ಮಗಳು 911 ಒತ್ತಿದಳು. ಕೇಳಿಸಿದ್ದು ಈ ಫೋನಿನಿಂದ 911 ಸಿಗಲ್ಲ ಅನ್ನೋ ರೆಕಾರ್ಡಿಂಗು. ಆ ವರ್ಷ ಮೇ 19ರಂದು ಅಲ್ಲಿನ ದೂರಸಂಪರ್ಕ ಆಯೋಗ ಇಂಟರ್ನೆಟ್ ಫೋನ್ ಕಂಪನಿಗಳಿಗೆ 120 ದಿನದ ಗಡುವು ಕೊಟ್ಟಿತು: 911 ಕೊಡಲೇಬೇಕು, ಗಿರಾಕಿಯ ವಿಳಾಸ ಬರೆಸಿಕೊಳ್ಳಲೇಬೇಕು.

ವಿಳಾಸ ಬರೆಸಿಕೊಂಡರೆ ಸಾಕಾ? 2008ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಒಂದೂವರೆ ವರ್ಷದ ಮಗುವಿಗೆ ಹುಷಾರು ತಪ್ಪಿ, ಮನೆಯವರು ಇಂಟರ್ನೆಟ್ ಫೋನಿನಿಂದ 911 ಮಾಡಿದರು. ಈ ಸಲ ಕರೆ ಹೋಯ್ತು. ಆಂಬುಲೆನ್ಸೂ ಹೊರಟಿತು. ಹೋಗಿದ್ದು ಮಾತ್ರ ಸಾವಿರಾರು ಕಿಲೋಮೀಟರ್ ಆಚೆ, ಮಿಸ್ಸಿಸ್ಸಾಗಾದಲ್ಲಿದ್ದ ಅವರ ಹಳೇ ಮನೆಗೆ. ಫೋನ್ ಮನೆಯವರ ಜೊತೆ ಊರು ಬದಲಾಯಿಸಿತ್ತು, ಕಂಪನಿಯ ಪಟ್ಟಿಯಲ್ಲಿದ್ದ ವಿಳಾಸ ಬದಲಾಗಿರಲಿಲ್ಲ. ಮಗು ಉಳೀಲಿಲ್ಲ.

ಈ ಗಂಟನ್ನ ಬಿಡಿಸೋಕೆ ಇಂಟರ್ನೆಟ್ಟಿನ ನಿಯಮ ಬರೆಯೋ ಎಂಜಿನಿಯರ್‌ಗಳ ಕೂಟವಾದ ಐಇಟಿಎಫ್‌ನಲ್ಲಿ ವರ್ಷಗಟ್ಟಲೆ ಕೆಲಸ ನಡೀತು. ಕೊಲಂಬಿಯಾ ವಿಶ್ವವಿದ್ಯಾಲಯದ ಹೆನಿಂಗ್ ಶುಲ್ಜ್‌ರಿನ್ ಅವರಂಥವರು ಇದರಲ್ಲಿದ್ದರು. ಇಂಟರ್ನೆಟ್ ಕರೆಗಳನ್ನ ಜೋಡಿಸೋ 'ಸಿಪ್' ಅನ್ನೋ ಭಾಷೆ ಬರೆದವರಲ್ಲಿ ಅವರೂ ಒಬ್ಬರು. 2008ರಿಂದ 2013ರವರೆಗೆ ಒಂದೊಂದಾಗಿ ನಿಯಮಗಳು ಬಂದವು. ಸಾರ ಇಷ್ಟು. 911, 112, 999 ಏನೇ ಒತ್ತಲಿ, ಫೋನು ಅದನ್ನ 'ಎಸ್ಓಎಸ್' ಅನ್ನೋ ಒಂದೇ ಗುರುತಿಗೆ ಬದಲಾಯಿಸಬೇಕು. ತಾನು ಎಲ್ಲಿದ್ದೀನಿ ಅನ್ನೋದನ್ನ ಕರೆಯ ಜೊತೆಗೇ ಕಳಿಸಬೇಕು. ಆ ಜಾಗಕ್ಕೆ ಯಾವ ಕೇಂದ್ರ ಸೇರುತ್ತೆ ಅಂತ ಹುಡುಕೋಕೆ ಬೇರೆ ಸರ್ವರ್‌ಗಳು ಇರ್ತವೆ. ಅಂಚೆಯ ಆರ್‌ಎಂಎಸ್ ಸಾರ್ಟಿಂಗ್ ಇದ್ದ ಹಾಗೆ: ದೇಶ ನೋಡೋರು ರಾಜ್ಯಕ್ಕೆ, ರಾಜ್ಯ ನೋಡೋರು ಊರಿಗೆ ದಾಟಿಸ್ತಾರೆ.

ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಪರೀಕ್ಷೆಯ ಬಗ್ಗೆ ಬರೆದ ಭಾಗ. ತುರ್ತು ಕರೆ ವರ್ಷಾನುಗಟ್ಟಲೆ ಯಾರೂ ಬಳಸದ ದಾರಿ. ಬಳಸೋ ದಿನ ಕೆಟ್ಟಿದೆ ಅಂತ ಗೊತ್ತಾದರೆ ತಡವಾಯ್ತು. ಹಾಗಂತ ಎಲ್ಲರೂ ಸುಮ್ಮನೆ ಮಾಡಿ ನೋಡಿದರೆ ಅಲ್ಲಿ ಕೂತ ಸಿಬ್ಬಂದಿ ನಿಜವಾದ ಕರೆ ಬಿಟ್ಟು ಇದನ್ನೇ ಎತ್ತಬೇಕಾಗುತ್ತೆ. ಅದಕ್ಕೇ ಪರೀಕ್ಷೆಗೆ ಅಂತಲೇ ಬೇರೆ ಗುರುತು ಇಟ್ಟರು. ಆ ಗುರುತಿನ ಕರೆಗೆ ಮನುಷ್ಯರು ಉತ್ತರಿಸಬೇಕಿಲ್ಲ. ಯಂತ್ರವೇ ಎತ್ತಿ 'ನೀವು ತಲುಪಿದ್ದು ಇಂಥ ಕೇಂದ್ರ, ನೀವಿರೋ ಜಾಗ ಇದು ಅಂತ ನಮಗೆ ಬಂದಿದೆ' ಅಂತ ತಿಳಿಸುತ್ತೆ, ನಿಮ್ಮ ದನಿಯನ್ನ ನಿಮಗೇ ವಾಪಸ್ ಕೇಳಿಸುತ್ತೆ. ಸುಮಾರು 30 ದಿನಕ್ಕೊಮ್ಮೆ ಫೋನು ತಾನಾಗೇ ಈ ಪರೀಕ್ಷೆ ಮಾಡಬೇಕು. ಆದರೆ ಆನ್ ಆದ ತಕ್ಷಣ ಮಾತ್ರ ಮಾಡಲೇಬಾರದು. ಯಾಕೆ ಗೊತ್ತಾ? ಊರಿಗೆಲ್ಲ ಹೋದ ಕರೆಂಟು ಒಟ್ಟಿಗೆ ಬಂದರೆ ಸಾವಿರಾರು ಫೋನುಗಳು ಒಟ್ಟಿಗೆ ಎದ್ದು ಒಟ್ಟಿಗೆ ಪರೀಕ್ಷೆಗೆ ಹೊರಡ್ತವೆ, ಕೇಂದ್ರವೇ ಕೂತುಬಿಡುತ್ತೆ. ಮಳೆಗಾಲದಲ್ಲಿ ಮೈಸೂರಲ್ಲಿದ್ದವರಿಗೆ ಈ ನಿಯಮದ ಬೆಲೆ ಬೇಗ ಅರ್ಥ ಆಗುತ್ತೆ. ಅಮೆರಿಕದಲ್ಲಿ ಅನೇಕ ಇಂಟರ್ನೆಟ್ ಫೋನ್ ಕಂಪನಿಗಳು ಇದಕ್ಕಿಂತ ಸರಳವಾದ ದಾರಿ ಇಟ್ಟಿವೆ. 933 ಒತ್ತಿದರೆ ನಿಮ್ಮ ಹೆಸರಲ್ಲಿ ದಾಖಲಾದ ವಿಳಾಸವನ್ನ ಯಂತ್ರ ಓದಿ ಹೇಳುತ್ತೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಮೇಜಿಗೆ ಬಂದಿದ್ದು 2017ರ ಅಕ್ಟೋಬರಿನಲ್ಲಿ. ಇಂಟರ್ನೆಟ್ ಫೋನಿನಿಂದ ದೇಶದೊಳಗಿನ ಮಾಮೂಲಿ ನಂಬರಿಗೂ ಮಾಡಬಹುದು ಅಂತ ಟ್ರಾಯ್ ಶಿಫಾರಸು ಮಾಡಿತು. ತುರ್ತು ಕರೆಯ ಬಗ್ಗೆ ಅದು ಹೇಳಿದ್ದು: ಕಂಪನಿಗಳು ಈ ಸೌಲಭ್ಯ ಕೊಡೋ ಹಾಗೆ ಪ್ರೋತ್ಸಾಹಿಸಬಹುದು, ಸದ್ಯಕ್ಕೆ ಕಡ್ಡಾಯ ಬೇಡ, ಆದರೆ ಸಿಗದೇ ಇರಬಹುದು ಅನ್ನೋದನ್ನ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಮುಂದಿನ ವರ್ಷ ಜುಲೈನಲ್ಲಿ ಬಿಎಸ್‌ಎನ್‌ಎಲ್ 'ವಿಂಗ್ಸ್' ಘೋಷಿಸಿತು. ಸಿಮ್ ಇಲ್ಲ, ತಂತಿ ಇಲ್ಲ, ಆ್ಯಪ್‌ನಲ್ಲೊಂದು ಹತ್ತಂಕಿಯ ನಂಬರು. ನಂಬರಿಗೂ ಜಾಗಕ್ಕೂ ಇದ್ದ ಗಂಟು ಅಲ್ಲಿಗೆ ಬಿಚ್ಚಿತು.

'ನಾನು ಇಂಟರ್ನೆಟ್ ಫೋನ್ ಬಳಸಲ್ಲಪ್ಪ' ಅಂತೀರಾ? ಬಳಸ್ತಿದ್ದೀರಿ. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋಗೆ 4ಜಿ ಬಿಟ್ಟರೆ ಬೇರೆ ಜಾಲವೇ ಇರಲಿಲ್ಲ. ಅದರ ಪ್ರತಿ ಕರೆಯೂ ವೋಲ್ಟೆ, ಅಂದರೆ ಡೇಟಾ ತುಣುಕುಗಳಾಗಿ ಹೋಗೋ ಮಾತು. ಆದರೂ ಅಲ್ಲಿ ಟವರ್ ಇದೆ, ಟವರಿನ ಗುರುತು ಕರೆಯ ಜೊತೆ ಹೋಗುತ್ತೆ. 2019-20ರಲ್ಲಿ ಬಂದ ವೈ-ಫೈ ಕಾಲಿಂಗ್‌ನಲ್ಲಿ ಟವರೂ ಬೇಕಾಗಿಲ್ಲ. ಅದಕ್ಕೇ ಅಮೆರಿಕದಲ್ಲಿ ಐಫೋನಿನಲ್ಲಿ ಇದನ್ನ ಆನ್ ಮಾಡೋ ಮೊದಲು ತುರ್ತು ವಿಳಾಸ ತುಂಬಿಸಿಕೊಳ್ತಾರೆ.

ಇನ್ನು ಆಫೀಸಿನ ಫೋನು. ಟೆಕ್ಸಸ್‌ನ ಮಾರ್ಷಲ್ ಅನ್ನೋ ಊರಿನ ಮೋಟೆಲ್ ಒಂದರಲ್ಲಿ 2013ರ ಡಿಸೆಂಬರ್ 1ರಂದು ಒಬ್ಬ ಹೆಂಗಸಿನ ಕೊಲೆ ಆಯ್ತು. ಜೊತೆಗಿದ್ದ ಒಂಬತ್ತು ವರ್ಷದ ಮಗಳು ಕಲಿಸಿದ ಹಾಗೆ 911 ಒತ್ತಿದಳು, ಒಂದಲ್ಲ, ನಾಲ್ಕು ಸಲ. ಕರೆ ಹೊರಗೆ ಹೋಗಲೇ ಇಲ್ಲ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಆ ತಾಯಿಯ ಹೆಸರಿನ 'ಕ್ಯಾರಿ ಕಾಯ್ದೆ'ಗೆ ಸಹಿ ಬಿದ್ದದ್ದು 2018ರ ಫೆಬ್ರವರಿ 16ರಂದು, ಹೇಲಿವಿಲ್‌ನ ಪರೀಕ್ಷಾ ಕರೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ. ಮುಂದೆ ಬರೋ ಯಾವ ಆಫೀಸು, ಹೋಟೆಲ್ ಫೋನಿನಲ್ಲೂ 911 ನೇರವಾಗಿ ಹೋಗಬೇಕು, ಹೋದಾಗ ಮುಂಬಾಗಿಲಲ್ಲಿ ಕೂತವರಿಗೂ ಗೊತ್ತಾಗಬೇಕು ಅನ್ನೋದು ಕಾಯ್ದೆಯ ತಿರುಳು.

ನಮ್ಮ ಆಫೀಸುಗಳಲ್ಲಿ ಹೊರಗಿನ ಲೈನಿಗೆ 0 ಒತ್ತೋದು ರೂಢಿ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೈಸೂರಿನ ಒಂದು ಸಣ್ಣ ಕಂಪನಿಗೆ ಹೊಸ ಫೋನ್ ವ್ಯವಸ್ಥೆ ಹಾಕೋ ಮುಂಚೆ ಹಳೇದನ್ನ ನೋಡೋಕೆ ಹೋಗಿದ್ದೆ. ಎಕ್ಸ್‌ಟೆನ್ಷನ್‌ಗಳು 100ರಿಂದ ಶುರು. 101 ರಿಸೆಪ್ಷನ್, 108 ಅಕೌಂಟ್ಸ್, 112 ಸ್ಟೋರ್ ರೂಮು. ಅಂದರೆ ಬೆಂಕಿ ಬಿದ್ದಾಗ ಯಾರಾದರೂ ಗಾಬರಿಯಲ್ಲಿ 112 ಒತ್ತಿದರೆ, ಬೀಗ ಹಾಕಿದ ಸ್ಟೋರ್ ರೂಮಿನಲ್ಲಿ ಫೋನ್ ಹೊಡ್ಕೊಳ್ತಿರುತ್ತೆ. "ಇಷ್ಟು ವರ್ಷದಲ್ಲಿ ಯಾರೂ ಒತ್ತೇ ಇಲ್ಲ ಸಾರ್" ಅಂದರು ಅಲ್ಲಿನ ಮ್ಯಾನೇಜರ್. ನಿಜ, ಒತ್ತಿದ್ದರೆ ಆವತ್ತೇ ಗೊತ್ತಾಗ್ತಿತ್ತು. ಎಕ್ಸ್‌ಟೆನ್ಷನ್‌ಗಳನ್ನ 2ರಿಂದ ಶುರುವಾಗೋ ನಾಲ್ಕಂಕಿಗೆ ಬದಲಾಯಿಸಿದೆವು. ಆಮೇಲೆ ತುರ್ತು ನಂಬರ್‌ಗಳನ್ನ ಒಂದು ಸಂಜೆಯ ಮಟ್ಟಿಗೆ ನನ್ನ ಮುಂದಿದ್ದ ಫೋನಿಗೆ ತಿರುಗಿಸಿಕೊಂಡು ಕೂತೆ. ಸಹೋದ್ಯೋಗಿಯೊಬ್ಬರು ಗೇಟಿನ ಸೆಕ್ಯೂರಿಟಿಯಿಂದ ಹಿಡಿದು ಕ್ಯಾಂಟೀನಿನವರೆಗೆ ಪ್ರತಿ ಫೋನಿನಿಂದ 112 ಒತ್ತಿದರು, 0 ಹಾಕಿ ಒಮ್ಮೆ, ಹಾಕದೆ ಒಮ್ಮೆ. ಎರಡೂ ಬಂದಾವಾ ಅಂತ ಬರೆದುಕೊಂಡೆವು. ಪೊಲೀಸರಿಗೆ ಒಂದೂ ಸುಳ್ಳು ಕರೆ ಹೋಗಲಿಲ್ಲ, ಖರ್ಚಾಗಿದ್ದು ಎರಡು ಗಂಟೆ.

2020ರ ಲಾಕ್‌ಡೌನಿನಲ್ಲಿ ಈ ಆಫೀಸ್ ಫೋನು ಮನೆಗೆ ಬಂತು. ಅಲ್ಲಿವರೆಗೆ ಬಿಪಿಓ ಥರದ ಕಂಪನಿಗಳಿಗಿದ್ದ ಕಟ್ಟುಪಾಡುಗಳನ್ನ ಸರ್ಕಾರ ಆ ಮಾರ್ಚಿನಲ್ಲಿ ಸಡಿಲಿಸಿತು, ನವೆಂಬರಿನಲ್ಲಿ ಹೊಸ ನಿಯಮ ತಂದು ವರ್ಕ್ ಫ್ರಂ ಹೋಮ್‌ಗೆ ದಾರಿ ಸುಲಭ ಮಾಡಿತು. ಲೈನು ಗುರುಗ್ರಾಮದ ಆಫೀಸಿನ ಹೆಸರಲ್ಲಿ, ಕೂತಿರೋದು ಸಿದ್ಧಾರ್ಥನಗರದಲ್ಲಿ. ಲ್ಯಾಪ್‌ಟಾಪಿನ ಆ ಫೋನಿನಿಂದ 112 ಒತ್ತಿದರೆ, ಕರೆ ಹೋದರೂ ಎತ್ತೋರು ಹರಿಯಾಣದವರಾಗಿರಬಹುದು. 'ಸಿದ್ಧಾರ್ಥನಗರ' ಅಂದರೆ ಅವರಿಗೆ ಮೊದಲು ನೆನಪಾಗೋದು ಉತ್ತರ ಪ್ರದೇಶದಲ್ಲಿ ಅದೇ ಹೆಸರಿನ ಜಿಲ್ಲೆ.

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರೊಬ್ಬರು ಒಂದಿನ ಹೇಳಿದರು: "ನಮ್ಮ ಹುಡುಗ ದಿನಾ ವಾಟ್ಸಾಪಲ್ಲಿ ನೋಡ್ತಿರ್ತಾನಪ್ಪ, ಏನಾದ್ರೂ ಆದ್ರೆ ಅವನೇ ಅಲ್ಲಿಂದ ಫೋನ್ ಮಾಡ್ತಾನೆ." ಯಾರಿಗೆ ಮಾಡ್ತಾನೆ? ವಾಟ್ಸಾಪಿಗೆ ತುರ್ತು ಕರೆ ಬರಲ್ಲ. ನ್ಯೂಜೆರ್ಸಿಯ ಮೊಬೈಲಿನಲ್ಲಿ 112 ಒತ್ತಿದರೆ ಸಾಮಾನ್ಯವಾಗಿ ಹೋಗೋದು ಅಲ್ಲಿನ 911ಕ್ಕೆ. ಮೂರಂಕಿಯ ನಂಬರ್ ಎಲ್ಲಿ ಒತ್ತಿದರೆ ಅಲ್ಲಿನ ಬಾಗಿಲು ತಟ್ಟುತ್ತೆ, ಸಮುದ್ರ ದಾಟಲ್ಲ. ಮಗ ವಿಡಿಯೋದಲ್ಲಿ ಎಲ್ಲವನ್ನೂ ನೋಡಬಹುದು, ಏನೂ ಮಾಡೋಕಾಗದೇ ಇರಬಹುದು. ಮೇಷ್ಟ್ರಿಗೆ ಇದನ್ನ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವನಿಗೆ ಯಾವ ನಂಬರ್ ಕೊಡ್ಲಿ ಹೇಳು" ಅಂದರು. ಸರಿಯಾದ ಪ್ರಶ್ನೆ. ಹತ್ತಿರದ ಠಾಣೆಯ ಲ್ಯಾಂಡ್‌ಲೈನು, ನೀವು ಹೋಗೋ ಆಸ್ಪತ್ರೆಯ ಲ್ಯಾಂಡ್‌ಲೈನು, ಎರಡನ್ನೂ +91 821 ಸೇರಿಸಿ, ಜೊತೆಗೆ ಬೀಗದ ಕೈ ಇರೋ ಎದುರುಮನೆಯವರ ಮೊಬೈಲು. ಪೂರ್ತಿ ನಂಬರ್ ಸಮುದ್ರ ದಾಟುತ್ತೆ.

ಎಲ್ಲ ಸರಿಯಿದ್ದರೂ ಯಂತ್ರ ಕೈಕೊಡೋದು ಉಂಟು. 2022ರ ಸೆಪ್ಟೆಂಬರಿನ ಕೊನೆಯ ವಾರಾಂತ್ಯದಲ್ಲಿ ತಾಂತ್ರಿಕ ದೋಷದಿಂದ ಕರ್ನಾಟಕದಲ್ಲಿ 108 ವ್ಯವಸ್ಥೆ ಕುಸಿಯಿತು. ಸಿಬ್ಬಂದಿ ವಿವರಗಳನ್ನ ಕೈಯಲ್ಲೇ ಬರೆದುಕೊಂಡು ಆಂಬುಲೆನ್ಸ್ ಕಳಿಸಬೇಕಾಯ್ತು, ಎಷ್ಟೋ ಜನರಿಗೆ ಲೈನೇ ಸಿಗಲಿಲ್ಲ. ಇಂಥ ಹೊತ್ತಲ್ಲಿ ಉಳಿಯೋದು ಮನುಷ್ಯ ಮನುಷ್ಯನಿಗೆ ಬಾಯಲ್ಲಿ ಹೇಳೋ ವಿಳಾಸ ಒಂದೇ. ಅದು ನಮ್ಮಲ್ಲಿ ಸುಲಭವಲ್ಲ. 'ನಾಲ್ಕನೇ ಕ್ರಾಸು' ಮೈಸೂರಿನ ಪ್ರತಿ ಬಡಾವಣೆಯಲ್ಲೂ ಇದೆ.

ಹಾಗಾಗಿ ಈ ವಾರ ನಾಲ್ಕು ಕೆಲಸ ಮಾಡಿ. ಆಫೀಸಿನ ಐಟಿಯವರನ್ನ ಕೇಳಿ: 112 ಯಾರ ಎಕ್ಸ್‌ಟೆನ್ಷನ್ನು, 0 ಹಾಕದೆ ಹೊರಗೆ ಹೋಗುತ್ತಾ, ಹೋದರೆ ಯಾವ ಊರಿನ ವಿಳಾಸದಲ್ಲಿ? ಸುಮ್ಮನೆ 112 ಒತ್ತಿ ನೋಡಬೇಡಿ. ಮೇಲೆ ಹೇಳಿದ ಹಾಗೆ ಒಳಗೇ ತಿರುಗಿಸಿಕೊಂಡು ನೋಡೋಕೆ ಹೇಳಿ. ಅಪ್ಪ ಅಮ್ಮನ ಮನೆಯ ಫೈಬರ್ ಡಬ್ಬಿಗೂ ರೌಟರಿಗೂ ಒಂದು ಸಣ್ಣ ಯುಪಿಎಸ್ ತಂದಿಡಿ. ಎಕ್ಸ್‌ಚೇಂಜಿನ 48 ವೋಲ್ಟ್ ಈಗ ಬರಲ್ಲ. ಪರ ಊರಲ್ಲಿದ್ದರೆ ಆ ಮೂರು ಪೂರ್ತಿ ನಂಬರ್‌ಗಳನ್ನ ಇವತ್ತೇ ಸೇವ್ ಮಾಡ್ಕೊಳ್ಳಿ. ಕೊನೇದಾಗಿ, ಮನೆಯವರೆಲ್ಲ ವಿಳಾಸವನ್ನ ಒಂದೇ ಉಸಿರಲ್ಲಿ ಹೇಳೋದು ಅಭ್ಯಾಸ ಮಾಡಲಿ: ಮನೆ ನಂಬರು, ಕ್ರಾಸು, ಬಡಾವಣೆ, ಊರು, ಎಲ್ಲರಿಗೂ ಗೊತ್ತಿರೋ ಒಂದು ಗುರುತು. ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ. ಮನೆಗೆಲಸಕ್ಕೆ ಬರೋ ಅಕ್ಕನೂ ಅದನ್ನ ನೋಡಿ ಓದೋ ಹಾಗಿರಲಿ. ಆ ರಾತ್ರಿ ಫೋನ್ ಎತ್ತೋರು ಅವರೇ ಆಗಿರಬಹುದು.